ಕೋಳಿಯ ಹಿಕ್ಕೆ ಏನು ಹೇಳುತ್ತೆ?

ಕೋಳಿ ಕೇಳಿ ಯಾರೂ ಖಾರ ಅರೆಯೋದಿಲ್ಲ, ನಿಜ. ಆದರೆ ಅದರ ಆರೋಗ್ಯದ ವಿಚಾರ ಬಂದಾಗ ಕೋಳಿಯನ್ನೇ ಕೇಳಬೇಕು. ಅದೇನು ಬಾಯಿಬಿಟ್ಟು ಹೇಳುತ್ತಾ ಅಂತೀರಾ? ಹೇಳುತ್ತೆ. ಪ್ರತಿದಿನ ಬೆಳಗ್ಗೆ ಗೂಡಿನ ನೆಲದ ಮೇಲೆ ಹೇಳಿಟ್ಟೇ ಹೊರಗೆ ಬರುತ್ತೆ. ನಾವು ಮೂಗು ಮುಚ್ಚಿಕೊಂಡು ಅದನ್ನು ಗುಡಿಸಿ ಗೊಬ್ಬರದ ಗುಂಡಿಗೆ ಎಸೆದುಬಿಡುತ್ತೇವೆ ಅಷ್ಟೇ!

ಹೌದು, ಇವತ್ತಿನ ವಿಷಯ ಕೋಳಿ ಹಿಕ್ಕೆ. ಕಾಫಿ ಕುಡೀತಾ ಪೇಪರ್ ಓದುತ್ತಿದ್ದರೆ ಲೋಟ ಖಾಲಿ ಮಾಡಿ ಆಮೇಲೆ ಮುಂದೆ ಓದಿ. ಆದರೆ ಓದದೇ ಮಾತ್ರ ಬಿಡಬೇಡಿ. ಹಸುಗೂಸಿನ ಬಟ್ಟೆ ಬದಲಿಸುವಾಗ ಪ್ರತಿಯೊಬ್ಬ ತಾಯಿಯೂ ಬಣ್ಣ ನೋಡುತ್ತಾಳೆ, ನೀರಾಗಿದೆಯಾ, ಗಟ್ಟಿಯಾಗಿದೆಯಾ ಅಂತ ನೋಡುತ್ತಾಳೆ. ಅದಕ್ಕೆ ಯಾರೂ ಪಾಠ ಹೇಳಿಕೊಟ್ಟಿರೋದಿಲ್ಲ. ಹಿತ್ತಲಿನ ಕೋಳಿಗೂ ಅದೇ ಕಣ್ಣು ಸಾಕು.

ಯಾಕೆ ಇಷ್ಟು ಮುಖ್ಯ ಗೊತ್ತಾ? ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಗುಂಪಿನಲ್ಲಿ ಸುಸ್ತಾದ ಕೋಳಿಯನ್ನು ಉಳಿದವು ಕುಕ್ಕಿ ಓಡಿಸುತ್ತವೆ. ಹಾಗಾಗಿ ನಿಲ್ಲೋಕೆ ಆಗುವ ತನಕ ಅದು ಗಟ್ಟಿಯಾಗಿರುವಂತೆಯೇ ನಟಿಸುತ್ತೆ. ರೆಕ್ಕೆ ಇಳಿಬಿಟ್ಟು ಮೂಲೆ ಸೇರಿತು ಅನ್ನುವಷ್ಟರಲ್ಲಿ ಕಾಯಿಲೆ ಶುರುವಾಗಿ ಒಂದೆರಡು ದಿನ ಕಳೆದಿರುತ್ತೆ. ಹಿಕ್ಕೆ ಮಾತ್ರ ಅನೇಕ ಸಲ ಅದಕ್ಕಿಂತ ಮೊದಲೇ ಬದಲಾಗುತ್ತೆ. ಈ ಒಂದೆರಡು ದಿನದಲ್ಲೇ ಒಂದು ಕೋಳಿಯ ಕಾಯಿಲೆ ಇಡೀ ಗೂಡಿಗೆ ಹಬ್ಬುವುದು.

ಹಿತ್ತಲಿನ ಕೋಳಿ ಅಂದರೆ ಮನೆಯ ಹೆಣ್ಣುಮಕ್ಕಳ ಸ್ವಂತ ದುಡ್ಡು. ಮೊಟ್ಟೆ ಮಾರಿದ ಕಾಸು ಸಾಸಿವೆ ಡಬ್ಬಿ ಸೇರುತ್ತೆ. ಮಕ್ಕಳ ನೋಟ್‌ಬುಕ್ಕು, ಸಂಘದ ಕಂತು, ತವರಿಗೆ ಹೋಗಿಬರುವ ಬಸ್ ಚಾರ್ಜು ಎಲ್ಲ ಅಲ್ಲಿಂದಲೇ. ಹತ್ತು ಕೋಳಿ ಒಂದೇ ವಾರದಲ್ಲಿ ಹೋದರೆ ಆ ಡಬ್ಬಿ ಮತ್ತೆ ತುಂಬೋಕೆ ವರ್ಷ ಬೇಕು. ಅದಕ್ಕೇ ಪೊರಕೆ ಹಿಡಿಯುವ ಮುಂಚೆ ಎರಡು ನಿಮಿಷ ಬಗ್ಗಿ ನೋಡಿ.

ಆರೋಗ್ಯವಂತ ಕೋಳಿಯ ಹಿಕ್ಕೆ

ಮೊದಲು ಸರಿಯಾಗಿರೋದು ಹೇಗಿರುತ್ತೆ ಅಂತ ಗೊತ್ತಿರಬೇಕು. ಕಂದು ಅಥವಾ ಬೂದು ಮಿಶ್ರಿತ ಬಣ್ಣ, ಆಕಾರ ಉಳಿಸಿಕೊಳ್ಳುವಷ್ಟು ಗಟ್ಟಿ, ಮೇಲೊಂದು ಬಿಳಿ ಟೋಪಿ. ಇಷ್ಟಿದ್ದರೆ ನಿಮ್ಮ ಕೋಳಿ ಚೆನ್ನಾಗಿದೆ. ಆ ಬಿಳಿ ಭಾಗ ಏನು? ಅದು ಕೋಳಿಯ ಮೂತ್ರ! ಹಕ್ಕಿಗಳಿಗೆ ನಮ್ಮ ಹಾಗೆ ಮೂತ್ರಚೀಲ ಇರೋದಿಲ್ಲ. ಮೂತ್ರಪಿಂಡದಿಂದ ಬರುವ ಯೂರಿಕ್ ಆಮ್ಲ ಬಿಳಿ ಸುಣ್ಣದ ಹಾಗೆ ಗಟ್ಟಿಯಾಗಿ ಹಿಕ್ಕೆಯ ಜೊತೆಗೇ ಹೊರಗೆ ಬರುತ್ತೆ. ಎರಡಕ್ಕೂ ದಾರಿ ಒಂದೇ.

ಇವಕ್ಕೆಲ್ಲ ಗಾಬರಿ ಬೇಡ

ಹೊಸದಾಗಿ ಕೋಳಿ ಸಾಕುವವರು ಹೆದರಿಕೊಳ್ಳುವ ಎಷ್ಟೋ ಹಿಕ್ಕೆಗಳು ಕಾಯಿಲೆಯೇ ಅಲ್ಲ.

* ಅಂಟಂಟಾದ, ಗಬ್ಬುನಾತದ ಹಿಕ್ಕೆ: ಬೆಲ್ಲದ ಪಾಕದಂತೆ ಅಥವಾ ಸಾಸಿವೆ ಅರೆದಂತೆ ಕಾಣುವ, ಬಿಳಿ ಟೋಪಿ ಇಲ್ಲದ, ವಿಪರೀತ ವಾಸನೆಯ ಹಿಕ್ಕೆ ದಿನಕ್ಕೆ ಎರಡು ಮೂರು ಸಲ ಬರುವುದು ಸಹಜ. ಕೋಳಿಯ ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲಗಳಿವೆ. ಅಲ್ಲಿ ಹುಳಿತ ಮೇವು ಆಗಾಗ ಹೀಗೆ ಖಾಲಿಯಾಗುತ್ತೆ. ಇದನ್ನು ಭೇದಿ ಅಂದುಕೊಂಡು ಔಷಧ ಕೊಡುವವರೇ ಹೆಚ್ಚು! ಇದು ಬರುತ್ತಿದ್ದರೆ ಕರುಳು ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

* ಕಾವು ಕೂತ ಹೇಂಟೆಯ ದೊಡ್ಡ ಮುದ್ದೆ: ಕಾವಿಗೆ ಕೂತ ಕೋಳಿ ಮೊಟ್ಟೆ ಮೇಲಿಂದ ದಿನಕ್ಕೆ ಒಂದೆರಡು ಸಲ ಮಾತ್ರ ಏಳುತ್ತೆ. ಅಲ್ಲಿಯ ತನಕ ತಡೆದುಕೊಂಡಿದ್ದನ್ನೆಲ್ಲ ಒಂದೇ ಸಲ ಹಾಕುತ್ತೆ. ಗಾತ್ರ ನೋಡಿ ಹೌಹಾರಬೇಡಿ.

* ಬೇಸಿಗೆಯ ನೀರು ಹಿಕ್ಕೆ: ಕೋಳಿಗೆ ಬೆವರೋದಿಲ್ಲ. ಬಿಸಿಲು 35 ಡಿಗ್ರಿ ದಾಟಿದರೆ ಬಾಯಿ ತೆರೆದು ಏದುಸಿರು ಬಿಡುತ್ತಾ ನೀರು ಕುಡಿಯುತ್ತಲೇ ಇರುತ್ತೆ. ಕುಡಿದ ನೀರು ಹಿಂದಿನಿಂದ ಹೋಗುತ್ತೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇದು ದಿನನಿತ್ಯದ ಕತೆ. ನೆರಳು, ತಣ್ಣನೆ ನೀರು ಕೊಡಿ. ಸಂಜೆ ತಂಪಾದ ಮೇಲೂ ಹಾಗೇ ಇದ್ದರೆ ಮಾತ್ರ ಯೋಚಿಸಿ.

* ತಿಂದದ್ದರ ಬಣ್ಣ: ಸೊಪ್ಪು, ಹುಲ್ಲು ಮೇದರೆ ಹಸಿರು. ಬೀಟ್‌ರೂಟ್ ಸಿಪ್ಪೆ, ಕೆಂಪು ಹರಿವೆ ತಿಂದರೆ ಕೆಂಪು. ರೇಷ್ಮೆ ಸೀಮೆಯಲ್ಲಿ ಹಿಪ್ಪುನೇರಳೆ ಹಣ್ಣು ಉದುರುವ ಕಾಲಕ್ಕೆ ಕಪ್ಪು, ನೇರಳೆ. ನಿನ್ನೆ ಅಡುಗೆಮನೆಯಿಂದ ಏನು ಹಾಕಿದ್ರಿ ಅಂತ ನೆನಪು ಮಾಡಿಕೊಳ್ಳಿ. ಆ ತಿನಿಸು ನಿಲ್ಲಿಸಿದರೆ ಒಂದು ದಿನದಲ್ಲಿ ಬಣ್ಣವೂ ನಿಲ್ಲುತ್ತೆ.

* ಗುಲಾಬಿ ಬಣ್ಣದ ಚೂರುಗಳು: ಕರುಳಿನ ಒಳಪೊರೆ ಸವೆದು ಹೊಸದಾಗುವಾಗ ಸಣ್ಣ ಚೂರುಗಳು ಅಪರೂಪಕ್ಕೆ ಹೊರಬರುತ್ತವೆ. ಎಂದೋ ಒಮ್ಮೆ ಕಂಡರೆ ಚಿಂತೆಯಿಲ್ಲ. ದಿನವೂ ಕಂಡರೆ ಪರೀಕ್ಷೆ ಮಾಡಿಸಿ.

ಉಪ್ಪಿನ ವಿಷಯದಲ್ಲಿ ಮಾತ್ರ ಹುಷಾರು. ಉಪ್ಪಿನಕಾಯಿ ಕಲಸಿದ ಅನ್ನ, ಒಣಮೀನಿನ ಚೂರು, ಹಪ್ಪಳ, ಖಾರಾ ಮಿಕ್ಸ್ಚರ್ ಎಲ್ಲ ಕೋಳಿಗೆ ಸುರಿಯುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದೆಯಾ? ಉಪ್ಪು ಜಾಸ್ತಿಯಾದರೆ ಕೋಳಿ ಸಿಕ್ಕಾಪಟ್ಟೆ ನೀರು ಕುಡಿದು ನೀರು ನೀರಾಗಿ ಹಾಕುತ್ತೆ. ಮಿತಿಮೀರಿದರೆ ಪ್ರಾಣಕ್ಕೇ ಅಪಾಯ.

ನೋಡೋದು ಹೇಗೆ?

ಅಂಗಳದ ತುಂಬ ಓಡಾಡುವ ಕೋಳಿಯ ಹಿಕ್ಕೆ ಹುಡುಕುತ್ತಾ ಹೋಗೋಕೆ ಆಗುತ್ತಾ? ಬೇಡ. ರಾತ್ರಿ ಕೂರುವ ಅಡ್ಡಗೋಲಿನ ಕೆಳಗೆ ಹಳೇ ಪೇಪರ್ ಅಥವಾ ಗೋಣಿಚೀಲ ಹಾಸಿ. ಬೆಳಗ್ಗೆ ಎಲ್ಲ ಅಲ್ಲೇ ಸಿಗುತ್ತೆ. ಕೋಳಿಗಳು ತಮ್ಮ ತಮ್ಮ ಜಾಗ ಬಿಟ್ಟು ಕೂರೋದು ಕಡಿಮೆ. ಹಾಗಾಗಿ ಯಾವುದು ಯಾರದ್ದು ಅನ್ನೋದೂ ಸುಮಾರಾಗಿ ಗೊತ್ತಾಗುತ್ತೆ.

ಅನುಮಾನ ಬಂದ ಕೋಳಿಯನ್ನು ಕುಕ್ಕೆಯ ಕೆಳಗೆ ಪೇಪರ್ ಹಾಸಿ ಅರ್ಧ ದಿನ ಬೇರೆ ಇಡಿ. ನೀರು, ಮೇವು ಅಲ್ಲೇ ಕೊಡಿ. ಐದಾರು ಹಿಕ್ಕೆ ನೋಡಿ ಆಮೇಲೆ ತೀರ್ಮಾನ ಮಾಡಿ. ಒಂದೇ ಒಂದು ಹಿಕ್ಕೆ ನೋಡಿ ಔಷಧದ ಅಂಗಡಿಗೆ ಓಡಬೇಡಿ.

ಜೊತೆಗೆ ಕೋಳಿಯನ್ನೂ ನೋಡಿ. ಕಾಳು ಎರಚಿದರೆ ಓಡಿ ಬರುತ್ತಾ? ಜುಟ್ಟು ಕೆಂಪಗಿದೆಯಾ, ಬಿಳುಚಿದೆಯಾ? ರಾತ್ರಿ ಮಲಗುವಾಗ ಕತ್ತಿನ ಬುಡದ ಮೇವಿನ ಚೀಲ ತುಂಬಿದೆಯಾ? ಹಿಕ್ಕೆ ಮಾತ್ರ ಬದಲಾಗಿ ಕೋಳಿ ಲವಲವಿಕೆಯಿಂದ ಇದ್ದರೆ ಒಂದು ದಿನ ಕಾಯಬಹುದು. ಹಿಕ್ಕೆಯೂ ಕೆಟ್ಟು, ಕೋಳಿಯೂ ಮಂಕಾಗಿದ್ದರೆ ಕಾಯಬಾರದು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ.

ಕೆಂಪು: ಮರಿಗಳಲ್ಲಿ ರಕ್ತಭೇದಿ

ಮೂರು ವಾರದಿಂದ ಎರಡು ತಿಂಗಳೊಳಗಿನ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಮೊದಲ ಅನುಮಾನ ಕಾಕ್ಸಿಡಿಯೋಸಿಸ್. ಹಳ್ಳಿಯಲ್ಲಿ ರಕ್ತಭೇದಿ ಅಂತಾರೆ. ಕಣ್ಣಿಗೆ ಕಾಣದ ಏಕಕೋಶ ಜೀವಿಯೊಂದು ಕರುಳಿನ ಗೋಡೆ ಹೊಕ್ಕು ಅದನ್ನು ಹರಿಯುತ್ತೆ. ಮರಿಗಳು ಗುಬ್ಬಚ್ಚಿಯಂತೆ ಮೈ ಉಬ್ಬಿಸಿ, ಕಣ್ಣು ಮುಚ್ಚಿ ಗುಂಪಾಗಿ ನಿಲ್ಲುತ್ತವೆ. ಜುಟ್ಟು ಬಿಳುಚುತ್ತೆ.

ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ ಯಾಕೆ ಅಂದರೆ, ರೋಗಿ ಮರಿಯ ಹಿಕ್ಕೆಯಲ್ಲಿ ಹೊರಬಿದ್ದ ಇದರ ಮೊಟ್ಟೆಗಳು ಒದ್ದೆ, ಬೆಚ್ಚಗಿನ ನೆಲದಲ್ಲಿ ಒಂದೆರಡು ದಿನದಲ್ಲೇ ರೋಗ ಹರಡೋಕೆ ಸಿದ್ಧವಾಗುತ್ತವೆ. ಉಳಿದ ಮರಿಗಳು ಅದೇ ನೆಲ ಕೆದಕಿ ತಿನ್ನುತ್ತವೆ. ಸೋಮವಾರ ಒಂದು ಕೆಂಪು ಕಲೆ ಕಂಡಿತು, ನಾಳೆ ನೋಡೋಣ ಅಂದ್ರಿ. ಗುರುವಾರ ಬೆಳಗ್ಗೆ ಬುಟ್ಟಿ ಎತ್ತಿದರೆ ನಾಲ್ಕು ಮರಿ ಸತ್ತಿರುತ್ತವೆ. ಅಷ್ಟು ವೇಗ ಇದರದ್ದು.

ಸಮಾಧಾನದ ಸಂಗತಿ ಅಂದರೆ ಇದಕ್ಕೆ ಔಷಧ ಇದೆ. ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ ಪುಡಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಕೊಡಿ. ಎರಡನೇ ದಿನಕ್ಕೇ ಚುರುಕಾದವು ಅಂತ ನಿಲ್ಲಿಸಬೇಡಿ. ಈ ಔಷಧ ನಡೆಯುವಾಗ ಶಕ್ತಿ ಬರಲಿ ಅಂತ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡುವವರಿದ್ದಾರೆ. ಕೊಡಬೇಡಿ. ಬಿ1 ಜೀವಸತ್ವ ಸಿಗದಂತೆ ಮಾಡಿ ಆ ಜೀವಿಯನ್ನು ಕೊಲ್ಲುವುದೇ ಈ ಔಷಧದ ಕೆಲಸ. ಟಾನಿಕ್ ಕೊಟ್ಟರೆ ಶತ್ರುವಿಗೇ ಊಟ ಹಾಕಿದಂತೆ! ಟಾನಿಕ್ ಏನಿದ್ದರೂ ಔಷಧ ಮುಗಿದ ಮೇಲೆ.

ಹಾಸಿರುವ ಹೊಟ್ಟನ್ನು ಪೂರ್ತಿ ತೆಗೆದು ಒಣ ಹೊಟ್ಟು ಹಾಕಿ. ಫಿನಾಯಿಲ್ ಸುರಿದರೆ ಈ ಮೊಟ್ಟೆಗಳು ಸಾಯೋದಿಲ್ಲ. ಕುದಿಯುವ ನೀರು, ಬಿಸಿಲು, ಒಣ ನೆಲ ಇವೇ ಮದ್ದು.

ಬೀಟ್‌ರೂಟ್ ಕೆಂಪೋ, ರಕ್ತವೋ ಅನ್ನುವ ಅನುಮಾನವೇ? ತಿನಿಸಿನ ಬಣ್ಣ ಹಿಕ್ಕೆಯ ತುಂಬ ಒಂದೇ ಸಮ ಹರಡಿರುತ್ತೆ. ರಕ್ತ ಲೋಳೆಯ ಜೊತೆ ಎಳೆ ಎಳೆಯಾಗಿ ಅಥವಾ ಹೆಪ್ಪುಗಟ್ಟಿದಂತೆ ಇರುತ್ತೆ.

ಬಿಳಿ: ಮರಿ ಚಿಕ್ಕದಿದ್ದಷ್ಟೂ ಅಪಾಯ

ಬಿಳಿ ಟೋಪಿ ಸರಿ. ಆದರೆ ಇಡೀ ಹಿಕ್ಕೆಯೇ ಸುಣ್ಣದ ನೀರಿನಂತೆ ಬಂದರೆ ಸರಿಯಲ್ಲ.

ಮೊಟ್ಟೆಯೊಡೆದು ಬಂದ ಮೊದಲ ವಾರದ ಮರಿಗಳ ಹಿಂಭಾಗದಲ್ಲಿ ಹಿಕ್ಕೆ ಮೆತ್ತಿಕೊಂಡು ದ್ವಾರವೇ ಮುಚ್ಚಿಹೋಗುವುದುಂಟು. ಚಳಿ, ಪ್ರಯಾಣದ ಆಯಾಸ, ನೀರಿಗಿಂತ ಮೊದಲು ಮೇವು ಸಿಕ್ಕಿದ್ದು, ಇವೂ ಕಾರಣ ಆಗಬಹುದು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ, ಮೆಲ್ಲಗೆ ಒರೆಸಿ ತೆಗೆಯಿರಿ. ಒಣಗಿದ್ದನ್ನು ಎಳೆದರೆ ಚರ್ಮವೇ ಕಿತ್ತು ಬರುತ್ತೆ. ಒರೆಸಿದ ಮೇಲೆ ಮರಿಯನ್ನು ಒಣಗಿಸಿ, ಬಲ್ಬಿನ ಬೆಚ್ಚಗೆ ಇಡೋದು ಮರೀಬೇಡಿ.

ಆದರೆ ಒಂದಾದ ಮೇಲೊಂದು ಮರಿ ಬಿಳಿ ಭೇದಿಯಾಗಿ, ಚೀಂವ್ ಚೀಂವ್ ಅಂತ ನರಳಿ ಸಾಯುತ್ತಿದ್ದರೆ ಅದು ಪುಲ್ಲೋರಂ ರೋಗ ಇರಬಹುದು. ಸಾಲ್ಮೊನೆಲ್ಲಾ ಜಾತಿಯ ಈ ಬ್ಯಾಕ್ಟೀರಿಯಾ ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತೆ. ಬದುಕುಳಿದ ಮರಿ ದೊಡ್ಡದಾದ ಮೇಲೂ ರೋಗವನ್ನು ಹೊತ್ತುಕೊಂಡೇ ಇರುತ್ತೆ. ಹಾಗಾಗಿ ಅಂಥ ಕೋಳಿಯ ಮೊಟ್ಟೆಯನ್ನು ಕಾವಿಗೆ ಇಡಬೇಡಿ.

ಮೂರರಿಂದ ಆರು ವಾರದ ಮರಿಗಳು ಬಿಳಿ ನೀರು ಭೇದಿ ಮಾಡುತ್ತಾ, ತಮ್ಮ ಹಿಂಭಾಗವನ್ನು ತಾವೇ ಕುಕ್ಕಿಕೊಳ್ಳುತ್ತಾ, ನಡುಗುತ್ತಾ ಕೂತರೆ ಗುಂಬೋರೊ ರೋಗದ ಅನುಮಾನ ಪಡಬೇಕು. ಇದು ವೈರಸ್. ಔಷಧ ಇಲ್ಲ, ಲಸಿಕೆ ಇದೆ.

ಹಸಿರು: ಹಸಿವೋ, ಕೊಕ್ಕರೆ ರೋಗವೋ?

ಸೊಪ್ಪು ತಿನ್ನದೆ ಇದ್ದರೂ ಹಿಕ್ಕೆ ಕಡು ಹಸಿರಾಗಿ, ನೀರಾಗಿ ಬಂದರೆ ಎಚ್ಚರ. ಹೊಟ್ಟೆಗೆ ಮೇವು ಹೋಗದಿದ್ದಾಗ ಬರೀ ಪಿತ್ತರಸ ಹೊರಬೀಳುತ್ತೆ. ಅದರ ಬಣ್ಣವೇ ಹಸಿರು. ಅಂದರೆ ಕೋಳಿ ತಿನ್ನುತ್ತಿಲ್ಲ ಅಂತ ಅರ್ಥ. ಯಾಕೆ ತಿನ್ನುತ್ತಿಲ್ಲ? ಬೇರೆ ಕೋಳಿಗಳು ಬಿಡುತ್ತಿಲ್ಲವೋ, ಗಂಟಲಲ್ಲಿ ಏನಾದರೂ ಸಿಕ್ಕಿದೆಯೋ, ಕಾಯಿಲೆಯೋ ನೋಡಿ.

ಹಸಿರು ಭೇದಿಯ ಜೊತೆ ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು, ರೆಕ್ಕೆ, ಕಾಲು ಸೋಲುವುದು, ಮೊಟ್ಟೆ ಇದ್ದಕ್ಕಿದ್ದಂತೆ ನಿಲ್ಲುವುದು ಕಂಡರೆ ಅದು ಬಹುತೇಕ ರಾಣಿಖೇತ್. ನಮ್ಮಲ್ಲಿ ಕೊಕ್ಕರೆ ರೋಗ ಅನ್ನುವುದು ಇದನ್ನೇ. 1920ರ ದಶಕದ ಕೊನೆಯಲ್ಲಿ ಇಂದಿನ ಉತ್ತರಾಖಂಡದ ರಾಣಿಖೇತ್ ಊರಿನಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಈ ಹೆಸರು ನಿಂತಿತು. ಸುಮಾರು ನೂರು ವರ್ಷವಾದರೂ ಇದಕ್ಕೆ ಔಷಧ ಇಲ್ಲ. ಲಸಿಕೆ ಹಾಕಿಸದ ಗೂಡಿಗೆ ಹೊಕ್ಕರೆ ಊರಿಗೆ ಊರೇ ಕೋಳಿ ಇಲ್ಲದಂತಾಗುತ್ತೆ.

ಹಳದಿ, ಕಪ್ಪು ಮತ್ತು ಉಳಿದವು

ಗಂಧಕದಂತೆ ಹಳದಿ ಅಥವಾ ಹಸಿರು ಮಿಶ್ರಿತ ಹಳದಿ ಭೇದಿ, ಜೊತೆಗೆ ಜ್ವರ, ವಿಪರೀತ ಬಾಯಾರಿಕೆ, ಬಿಳುಚಿದ ಅಥವಾ ನೀಲಿಗಟ್ಟಿದ ಜುಟ್ಟು ಕಂಡರೆ ಕೋಳಿ ಟೈಫಾಯ್ಡ್ ಅಥವಾ ಕೋಳಿ ಕಾಲರಾ ಇರಬಹುದು. ಎರಡೂ ಬ್ಯಾಕ್ಟೀರಿಯಾದಿಂದ ಬರುವಂಥವು. ಯಾವುದು ಅಂತ ನೋಡಿ ಹೇಳಬೇಕಾದವರು ಪಶುವೈದ್ಯರು.

ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ನೇರಳೆ ಹಣ್ಣನ್ನೂ ತಿಂದಿಲ್ಲ ಅಂತಾದರೆ, ಕರುಳಿನ ಮೇಲ್ಭಾಗದಲ್ಲಿ ರಕ್ತ ಸೋರುತ್ತಿರಬಹುದು. ತಡ ಮಾಡಬೇಡಿ.

ಹಿಕ್ಕೆಯಲ್ಲಿ ಶಾವಿಗೆಯಂಥ ಬಿಳಿ ಹುಳು ಕಂಡರೆ ಜಂತುಹುಳು. ಅಕ್ಕಿಕಾಳಿನಂಥ ಚಪ್ಪಟೆ ಬಿಳಿ ಚೂರುಗಳಿದ್ದರೆ ಲಾಡಿಹುಳು. ಇರುವೆ, ಜೀರುಂಡೆ, ನೊಣ, ಬಸವನಹುಳು ತಿನ್ನುವ ಹಿತ್ತಲಿನ ಕೋಳಿಗೆ ಲಾಡಿಹುಳು ತಗಲುವುದು ಸುಲಭ. ಮೇವು ಚೆನ್ನಾಗಿ ತಿಂದರೂ ಎದೆಮೂಳೆ ಕೈಗೆ ಚೂಪಾಗಿ ಸಿಗುವಷ್ಟು ಸೊರಗಿದೆಯಾ? ಆಗಲೂ ಹುಳುವಿನ ಅನುಮಾನ ಇರಲಿ. ಜಂತುಹುಳುವಿಗೂ ಲಾಡಿಹುಳುವಿಗೂ ಒಂದೇ ಔಷಧ ಸಾಲೋದಿಲ್ಲ. ಅದಕ್ಕೇ ಹಿಕ್ಕೆ ಪರೀಕ್ಷೆ ಮಾಡಿಸಿ ಕೊಡಿಸುವುದು ಜಾಣತನ.

ಕಾಳು ಕಾಳಾಗಿಯೇ ಹೊರಬರುತ್ತಿದ್ದರೆ ಕೋಳಿಗೆ ಅರೆಯುವ ಕಲ್ಲು ಸಿಗುತ್ತಿಲ್ಲ. ಹಲ್ಲಿಲ್ಲದ ಕೋಳಿ ನುಂಗಿದ ಸಣ್ಣ ಕಲ್ಲುಗಳಿಂದಲೇ ಹೊಟ್ಟೆಯೊಳಗೆ ಕಾಳು ಅರೆಯುತ್ತೆ. ತಾರಸಿಯ ಮೇಲೆ, ಸಿಮೆಂಟ್ ನೆಲದಲ್ಲಿ ಸಾಕುವವರು ಒಂದು ತಟ್ಟೆಯಲ್ಲಿ ದಪ್ಪ ಮರಳು ಇಡಲೇಬೇಕು.

ಮೊಟ್ಟೆಯ ಹಳದಿ ಲೋಳೆ ಹಿಕ್ಕೆಯ ಜೊತೆ ಬಂದರೆ ತೊಗಟೆಯಿಲ್ಲದ ಮೊಟ್ಟೆ ಒಳಗೇ ಒಡೆದಿದೆ ಅಂತ ಅರ್ಥ. ಹೊಟ್ಟೆ ಊದಿ, ಬಾತುಕೋಳಿಯಂತೆ ನಡೆಯುತ್ತಿದ್ದರೆ ಕೂಡಲೇ ತೋರಿಸಿ. ಮೊಟ್ಟೆ ಇಡುವ ಹೇಂಟೆಗೆ ಕಪ್ಪೆಚಿಪ್ಪಿನ ಪುಡಿ ಸದಾ ಸಿಗುವಂತಿರಲಿ.

ಮೊದಲ ದಿನ ಮಾಡಬೇಕಾದ್ದು

* ಅನುಮಾನದ ಕೋಳಿಯನ್ನು ತಕ್ಷಣ ಬೇರೆ ಮಾಡಿ. ಅದರ ನೀರು, ಮೇವಿನ ತಟ್ಟೆಯೂ ಬೇರೆ. ಮೊದಲು ಆರೋಗ್ಯದ ಕೋಳಿಗಳ ಕೆಲಸ, ಕೊನೆಗೆ ರೋಗಿಯ ಕೆಲಸ.

* ಬೆಚ್ಚಗಿನ, ಗಾಳಿ ನುಗ್ಗದ ಜಾಗದಲ್ಲಿಡಿ. ಭೇದಿಯಾದಾಗ ಕೋಳಿ ಸಾಯುವುದು ಎಷ್ಟೋ ಸಲ ಮೈಯ ನೀರು ಬತ್ತಿ. ಶುದ್ಧ ನೀರು ಕೈಗೆಟಕುವಂತಿರಲಿ. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಹನಿ ಹನಿ ಬಿಡಿ. ಬಾಯಿ ತೆರೆದು ಸುರಿದರೆ ಶ್ವಾಸನಾಳಕ್ಕೆ ಹೋಗುತ್ತೆ.

* ತಾಜಾ ಹಿಕ್ಕೆಯನ್ನು ಶುದ್ಧವಾದ ಸಣ್ಣ ಡಬ್ಬಿಯಲ್ಲಿ ಹಾಕಿ, ಬಿಸಿಲು ತಾಗದಂತೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಭೇದಿಯ ಜೀವಿಯೂ ಹುಳುವಿನ ಮೊಟ್ಟೆಯೂ ಕಾಣುತ್ತವೆ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಅನುಕೂಲ.

* ಹೋಗೋಕೆ ಆಗದಿದ್ದರೆ 1962ಕ್ಕೆ ಫೋನ್ ಮಾಡಿ. ಇದು ಪಶುಗಳ ಚಿಕಿತ್ಸೆಗೆಂದೇ ಇರುವ ಉಚಿತ ಸಹಾಯವಾಣಿ.

* ಕೋಳಿ ಸತ್ತಿದ್ದರೆ ಕೂಡಲೇ ಎಸೆಯಬೇಡಿ. ಮರಣೋತ್ತರ ಪರೀಕ್ಷೆ ಮಾಡಿದರೆ ಕಾರಣ ಗೊತ್ತಾಗಿ ಉಳಿದವು ಬದುಕುತ್ತವೆ. ವೈದ್ಯರನ್ನು ಕೇಳಿ. ಬೇಡ ಅಂದರೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

ಇವನ್ನು ಮಾಡಲೇಬೇಡಿ

ಮನೆಯಲ್ಲಿ ಮಿಕ್ಕಿದ ಮನುಷ್ಯರ ಮಾತ್ರೆ ಪುಡಿಮಾಡಿ ಕೊಡಬೇಡಿ. ವೈರಸ್ ಕಾಯಿಲೆಗೆ ಆಂಟಿಬಯೋಟಿಕ್ ಕೆಲಸ ಮಾಡೋದಿಲ್ಲ, ಅದರ ಅಂಶ ಮಾತ್ರ ಮೊಟ್ಟೆಯ ಮೂಲಕ ನಿಮ್ಮ ಮಗುವಿನ ತಟ್ಟೆಗೆ ಬರುತ್ತೆ. ಯಾವುದೇ ಔಷಧ ಕೊಡಿಸಿದಾಗಲೂ "ಡಾಕ್ಟ್ರೇ, ಎಷ್ಟು ದಿನ ಮೊಟ್ಟೆ ತಿನ್ನಬಾರದು?" ಅಂತ ಕೇಳಿಯೇ ಬನ್ನಿ.

ಇನ್ನೊಂದು ಮಾತು. ಇದು ಸ್ವಲ್ಪ ಕಟುವಾದದ್ದು. ಕೋಳಿ ಮಂಕಾದ ಕೂಡಲೇ "ಸಾಯೋ ಮುಂಚೆ ಕುಯ್ದುಬಿಡೋಣ" ಅಂತಲೋ, "ಸಂತೆಗೆ ಒಯ್ದು ಬಂದಷ್ಟಕ್ಕೆ ಮಾರೋಣ" ಅಂತಲೋ ಮನೆಯಲ್ಲಿ ಮಾತು ಬರುತ್ತೆ. ನಷ್ಟದ ಭಯ ಎಲ್ಲರಿಗೂ ಇರೋದೇ. ಆದರೆ ನೀವು ಸಂತೆಯಲ್ಲಿ ಮಾರಿದ ರೋಗದ ಕೋಳಿಯನ್ನು ಕೊಳ್ಳುವವಳೂ ನಿಮ್ಮ ಹಾಗೇ ಡಬ್ಬಿಯಲ್ಲಿ ಕಾಸು ಕೂಡಿಟ್ಟ ಇನ್ನೊಬ್ಬ ಹೆಣ್ಣುಮಗಳು. ರಾಣಿಖೇತ್ ಊರಿಂದೂರಿಗೆ ಹರಡುವ ದಾರಿಗಳಲ್ಲಿ ಸಂತೆಯೂ ಒಂದು. ಈ ಮಾತನ್ನು ಮನೆಯವರಿಗೆ ನೀವೇ ಗಟ್ಟಿಯಾಗಿ ಹೇಳಬೇಕು.

ಇದ್ದಕ್ಕಿದ್ದಂತೆ ಹಲವು ಕೋಳಿ ಒಟ್ಟಿಗೆ ಸತ್ತರೆ, ಮುಖ ಊದಿ ಜುಟ್ಟು ನೀಲಿಯಾಗಿದ್ದರೆ, ಬರಿಗೈಯಲ್ಲಿ ಮುಟ್ಟದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರ ದೇಶದಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಆಮೇಲೆ ನಮ್ಮ ರಾಜ್ಯಕ್ಕೂ ಬಂತು. 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರ. ಮುಚ್ಚಿಟ್ಟರೆ ಅಪಾಯ ಕೋಳಿಗೆ ಮಾತ್ರ ಅಲ್ಲ, ಮನೆಮಂದಿಗೂ.

ಬರುವ ಮುಂಚೆಯೇ ತಡೆಯಿರಿ

ಲಸಿಕೆಯೇ ಮೊದಲ ಬೇಲಿ. ರಾಣಿಖೇತ್‌ಗೆ ಮರಿಯ ಮೊದಲ ವಾರದಲ್ಲೇ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯಡಿ ಚುಚ್ಚುಮದ್ದು ಹಾಕಿಸಬೇಕು. ಗುಂಬೋರೊಗೆ ಸುಮಾರು ಎರಡನೇ ವಾರದಲ್ಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಗಟ್ಟಿ ತಳಿಗಳೇ. ಆದರೆ ಅವಕ್ಕೂ ಲಸಿಕೆ ಬೇಕು. "ನಮ್ಮದು ನಾಟಿ, ಏನೂ ಆಗಲ್ಲ" ಅನ್ನೋದು ಬರೀ ಭ್ರಮೆ.

ಐದು ಕೋಳಿಗೆ ಲಸಿಕೆ ತರೋದು ಹೇಗೆ ಅಂತ ಕೇಳ್ತೀರಾ? ಲಸಿಕೆಯ ಒಂದು ಸೀಸೆ ನೂರು ಅಥವಾ ಇನ್ನೂ ಹೆಚ್ಚು ಕೋಳಿಗೆ ಸಾಕಾಗುತ್ತೆ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಒಬ್ಬೊಬ್ಬರೇ ಓಡಾಡೋದಕ್ಕಿಂತ ಬೀದಿಯವರು, ಸ್ತ್ರೀಶಕ್ತಿ ಸಂಘದವರು ಒಂದು ದಿನ ಗೊತ್ತು ಮಾಡಿಕೊಳ್ಳಿ. ಮಂಜುಗಡ್ಡೆ ಹಾಕಿದ ಫ್ಲಾಸ್ಕ್‌ನಲ್ಲಿ ತರಿಸಿ, ಕೋಳಿಗಳು ಗೂಡಲ್ಲಿರುವ ಬೆಳಗಿನ ತಂಪು ಹೊತ್ತಿನಲ್ಲೇ ಎಲ್ಲರ ಮನೆಯದ್ದೂ ಮುಗಿಸಿ. ಪಕ್ಕದ ಮನೆಯ ಕೋಳಿಗೆ ಲಸಿಕೆ ಇಲ್ಲದಿದ್ದರೆ ನಿಮ್ಮದಕ್ಕೂ ಆತಂಕ ತಪ್ಪಿದ್ದಲ್ಲ.

ಉಳಿದದ್ದು ದಿನನಿತ್ಯದ ಜಾಗ್ರತೆ. ಗೂಡಿನ ನೆಲ ಒಣಗಿರಲಿ. ಒದ್ದೆ ಹೊಟ್ಟನ್ನು ಅಂದೇ ತೆಗೆಯಿರಿ. ನೀರಿನ ಪಾತ್ರೆ ಕೋಳಿಯ ಬೆನ್ನಿನ ಎತ್ತರಕ್ಕಿರಲಿ, ಹಿಕ್ಕೆ ಬೀಳೋದಿಲ್ಲ. ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಕೊಡಬೇಡಿ. ಹೊಸ ಕೋಳಿ ತಂದರೆ ಎರಡು ಮೂರು ವಾರ ದೂರ ಇಟ್ಟು, ಹಿಕ್ಕೆ ನೋಡಿಯೇ ಗುಂಪಿಗೆ ಬಿಡಿ.

ಹಾಗೇ ನಿಮ್ಮ ಕೈಯನ್ನೂ ಮರೀಬೇಡಿ. ಕೋಳಿ ಆರೋಗ್ಯವಾಗಿದ್ದರೂ ಅದರ ಹಿಕ್ಕೆಯಲ್ಲಿ ಮನುಷ್ಯರಿಗೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಇರಬಹುದು. ಗೂಡಿನ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮರಿ ಮುದ್ದಾಡಿದ ಮಕ್ಕಳಿಗೂ ತೊಳೆಸಿ. ಕೋಳಿಯ ನೀರಿನ ಪಾತ್ರೆಯನ್ನು ಅಡುಗೆಮನೆ ಸಿಂಕಿನಲ್ಲಿ ಉಜ್ಜಬೇಡಿ. ಹಸಿ ಹಿಕ್ಕೆಯನ್ನು ನೇರ ಮಲ್ಲಿಗೆ ಬುಡಕ್ಕೆ ಹಾಕಿದರೆ ಬೇರು ಸುಡುತ್ತೆ. ಗುಂಡಿಯಲ್ಲಿ ಚೆನ್ನಾಗಿ ಕೊಳೆತ ಮೇಲೆ ಅದರಂಥ ಗೊಬ್ಬರ ಇನ್ನೊಂದಿಲ್ಲ.

ಕೊನೆಯದಾಗಿ ಒಂದು ಸುಲಭದ ಉಪಾಯ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಕೋಳಿಯ ಲೆಕ್ಕವನ್ನೂ ಬರೆಯಿರಿ. ಲಸಿಕೆ ಹಾಕಿಸಿದ ದಿನ, ಹುಳುವಿನ ಔಷಧ ಕೊಟ್ಟ ದಿನ, ಯಾವ ಕೋಳಿಯ ಹಿಕ್ಕೆ ಯಾವತ್ತು ಕೆಟ್ಟಿತ್ತು ಅನ್ನೋದು. ಪಶುವೈದ್ಯರು "ಯಾವಾಗಿಂದ ಹೀಗೆ?" ಅಂತ ಕೇಳಿದಾಗ "ಮೊನ್ನೆಯೋ ಆಚೆ ಮೊನ್ನೆಯೋ ಗೊತ್ತಿಲ್ಲ" ಅನ್ನದೆ ದಿನ ಹೇಳಿದರೆ ಅವರ ಕೆಲಸ ಅರ್ಧ ಮುಗಿದಂತೆ. ಪಕ್ಕದಲ್ಲೇ 1962 ಅಂತಲೂ ದೊಡ್ಡದಾಗಿ ಬರೆದಿಡಿ. ರಾತ್ರಿ ಗೂಡಿನ ಕೆಳಗೆ ಪೇಪರ್ ಹಾಸೋದು ಇವತ್ತಿನಿಂದಲೇ ಶುರುವಾಗಲಿ.